ಮಾರ್ಚ್ ತಿಂಗಳ ಗಾಳಿಚೀಲ

ವಿಮಾನವೇ ಇಳಿಯದ ವಿಮಾನ ನಿಲ್ದಾಣಕ್ಕೂ ಸರ್ಕಾರ ನಿರ್ವಹಣೆಗೆಂದು ಗ್ರಾಂಟು ಕೊಡುತ್ತದೆ ಎಂದರೆ ನಂಬುವವರು ಕಡಿಮೆ. ನಂಜನಗೂಡಿನಿಂದ ಬಿಳಿಗೆರೆ ಕಡೆ ಹೋಗುವ ದಾರಿಯ ಮಗ್ಗುಲಲ್ಲಿ ಅಂಥದ್ದೊಂದಿತ್ತು. ಯಾವ ಕಾಲದಲ್ಲೋ ಹಾಕಿದ ರನ್‌ವೇ, ಅದರ ಬಿರುಕುಗಳಲ್ಲೆಲ್ಲ ತುಂಬೆಗಿಡ, ಒಂದು ಕೋಣೆ, ಒಂದು ಕಂಬ, ಕಂಬದ ತುದಿಗೆ ಕಿತ್ತಳೆ ಬಿಳಿ ಪಟ್ಟೆಯ ಉದ್ದನೆಯ ಬಟ್ಟೆಯ ಚೀಲ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಪೈಲಟ್ಟಿಗೆ ತೋರಿಸುವುದು ಆ ಗಾಳಿಚೀಲದ ಕೆಲಸ. ಅದನ್ನೂ ಉಳಿದದ್ದನ್ನೂ ಕಾಯುವುದು ಮರಿಸ್ವಾಮಿಯ ಕೆಲಸ. ಹಾಗೆ ನೋಡಿದರೆ ಇಬ್ಬರಿಗೂ ಕೆಲಸವೇ ಇರಲಿಲ್ಲ ಅನ್ನಿ.

ಮರಿಸ್ವಾಮಿಗೆ ಹೆಂಡತಿ ಅಂತ ಇದ್ದದ್ದು ಹನ್ನೊಂದೇ ತಿಂಗಳು. ಮೊದಲ ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಹೋದರು. ಆಮೇಲೆ ಅಣ್ಣನ ಮನೆಯಲ್ಲಿ ಕೂತು ಉಣ್ಣಲು ಮನಸ್ಸಾಗದೆ ಮೈದಾನದ ಕೋಣೆಯಲ್ಲೇ ಉಳಿದುಬಿಟ್ಟ. ಮೇಯಲು ನುಗ್ಗಿದ ದನಗಳಿಗೆ 'ಹೈ ಹೈ' ಅನ್ನುವುದನ್ನು ಬಿಟ್ಟರೆ ಇಡೀ ದಿನ ಬಾಯಿ ತೆರೆಯದ ದಿನಗಳು ಎಷ್ಟೋ. ಸಂಜೆ ರೇಡಿಯೋದಲ್ಲಿ ವಾರ್ತೆ ಓದುವವರು 'ನಮಸ್ಕಾರ' ಅಂದರೆ ಇವನೂ 'ನಮಸ್ಕಾರ' ಅನ್ನುತ್ತಿದ್ದ. ನಗಬೇಡಿ. ಒಂಟಿಯಾಗಿ ಇದ್ದು ನೋಡಿದವರು ಇದಕ್ಕೆ ನಗುವುದಿಲ್ಲ.

ತೊಂಬತ್ತೊಂದರ ಮಾರ್ಚಿನಲ್ಲಿ ಗಾಳಿಚೀಲ ಚಿಂದಿಯಾಯಿತು. ಜೂನಿಯರ್ ಎಂಜಿನಿಯರ್ ಸೋಮಶೇಖರ್ ಬಟ್ಟೆಯ ಗಂಟೊಂದನ್ನು ಅವನ ಕೈಗೆ ಹಾಕಿ, "ಗ್ರಾಂಟ್ ಬಂದಿದೆ ಮರಿಸ್ವಾಮಿ. ಮೂವತ್ತೊಂದರೊಳಗೆ ಖರ್ಚಾಗ್ದಿದ್ರೆ ವಾಪಸ್ ಹೋಗುತ್ತೆ. ಬೇಗ ಹೊಲಿಸ್ಕೊಂಡು ಬಾ" ಎಂದರು. ನಂಜನಗೂಡಿನ ಟೈಲರುಗಳು ಅಳತೆ ನೋಡಿಯೇ ನಕ್ಕರು. ಇದ್ಯಾವ ರಾಕ್ಷಸನ ಅಂಗಿ ತೋಳು ಎಂದು ಒಬ್ಬ ಕೇಳಿದ. ಕೊನೆಗೆ ಯಾರೋ, ತಿ. ನರಸೀಪುರದಲ್ಲಿ ಮಂಗಳಮ್ಮ ಅಂತ ಇದ್ದಾರೆ, ಶಾಮಿಯಾನ ಹೊಲಿಯುವ ದಪ್ಪ ಮಿಷನ್ ಅವರ ಹತ್ತಿರ ಮಾತ್ರ ಇರುವುದು ಎಂದು ದಾರಿ ತೋರಿಸಿದರು.

ಗಂಡ ತೀರಿಕೊಂಡ ಮೇಲೆ ಮಿಷನ್ನನ್ನೂ ಅಂಗಡಿಯನ್ನೂ ಒಬ್ಬಳೇ ನಡೆಸುತ್ತಿದ್ದ ಹೆಂಗಸು ಅವಳು. ಬಟ್ಟೆಯನ್ನು ಹರವಿ ನೋಡಿದಳು, ನಗಲಿಲ್ಲ.

"ಕುಂತ್ಕಳಿ, ಒಂದ್ ಗಂಟೆ ಕೆಲ್ಸ. ಅಲ್ಲಾ, ಅಲ್ಲಿಗೆ ಇಮಾನ ಬತ್ತವಾ?"

"ಇಲ್ಲ. ಎಲೆಕ್ಷನ್‌ನಲ್ಲಿ ಒಂದ್ ಸಲ ಎಲಿಕ್ಯಾಪ್ಟರ್ ಬಂದಿತ್ತು, ಅಷ್ಟೇಯ."

"ಮತ್ತೆ ಇದನ್ನ ಯಾರು ನೋಡ್ತಾರೆ?"

"ನಾನ್ ನೋಡ್ತೀನಲ್ಲ."

ಮಿಷನ್ ತುಳಿಯುತ್ತಿದ್ದ ಅವಳ ಕಾಲು ಸ್ವಲ್ಪ ತಡೆಯಿತು. ಹೊಲಿಗೆ ಅಷ್ಟು ಉದ್ದಕ್ಕೆ ಸೊಟ್ಟಗೆ ಹೋಗಿತ್ತು. ಅದನ್ನು ಬಿಚ್ಚಿ ಮತ್ತೆ ಹೊಲಿದಳು. ಎದುರು ಹೋಟೆಲಿನಿಂದ ಎರಡು ಲೋಟ ಟೀ ತರಿಸಿದಳು. ನಮ್ಮ ಕಡೆ ಗುರುತಿಲ್ಲದ ಹೆಂಗಸನ್ನೂ ಅಕ್ಕಾ ಅಂತಲೇ ಮಾತಾಡಿಸುವುದು, ಹೆಂಗಸರಿಗೆ ಕಂಡ ಗಂಡಸೆಲ್ಲ ಅಣ್ಣನೇ. ಮರಿಸ್ವಾಮಿಯ ನಾಲಿಗೆ ಅಕ್ಕಾ ಅನ್ನಲು ಹೋಗಿ ನಿಂತಿತು. ಹೊರಡುವಾಗ ಅವಳೂ ಅಣ್ಣ ಅನ್ನಲಿಲ್ಲ, "ಓಗ್ ಬನ್ನಿ ಇಮಾನದೋರೆ" ಅಂದಳು.

ಆ ಮಾತನ್ನೇ ಮೆಲುಕು ಹಾಕುತ್ತ ಅವನು ಮುಂದಿನ ಮಾರ್ಚಿನವರೆಗೆ ಬದುಕಿದ.

ಮೂರು ವರ್ಷ ಹೀಗೇ ನಡೆಯಿತು. ನಾಲ್ಕನೆಯ ವರ್ಷ ಒಂದು ತಾಪತ್ರಯ. ಮಂಗಳಮ್ಮನ ಹೊಲಿಗೆ ವರ್ಷದಿಂದ ವರ್ಷಕ್ಕೆ ಎಷ್ಟು ಗಟ್ಟಿಯಾಯಿತು ಅಂದರೆ ಆಷಾಢದ ಗಾಳಿಗೂ ಚೀಲ ಜಗ್ಗಲಿಲ್ಲ. ಇಲಾಖೆಯ ರೂಲು ನೋಡಿದರೆ ಹರಿದ ಚೀಲ ತೋರಿಸಿದರೆ ಮಾತ್ರ ಹೊಸದಕ್ಕೆ ಮಂಜೂರಾತಿ. ಫೆಬ್ರವರಿಯ ಒಂದು ಬೆಳಿಗ್ಗೆ ಮರಿಸ್ವಾಮಿ ಚೀಲವನ್ನು ಕೆಳಗಿಳಿಸಿ, ಗಡ್ಡ ಹೆರೆಯುವ ಬ್ಲೇಡಿನಿಂದ ನಟ್ಟನಡುವೆ ಉದ್ದಕ್ಕೆ ಸೀಳಿದ. ಸರ್ಕಾರದ ಸಾಮಾನು ಹಾಳು ಮಾಡಿದೆನಲ್ಲ ಎನ್ನುವ ಭಯ ಒಂದಾದರೆ, ಅವಳ ಕೈಯ ಕೆಲಸಕ್ಕೆ ಬ್ಲೇಡು ಹಾಕಿದೆನಲ್ಲ ಎನ್ನುವ ಸಂಕಟ ಅದಕ್ಕಿಂತ ದೊಡ್ಡದು. ಆದರೂ ಅಲ್ಲಿಂದಾಚೆ ಪ್ರತಿ ವರ್ಷವೂ ಸೀಳಿದ, ಅಳತೆಗೆಂದು ಆ ಹರಿದ ಚೀಲವನ್ನೂ ಹೊಸ ಬಟ್ಟೆಯ ಜೊತೆ ಅವಳ ಮುಂದಿಟ್ಟ.

ಒಂದು ವರ್ಷ ಗ್ರಾಂಟೇ ಬರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿ ನರಸೀಪುರಕ್ಕೆ ಹೋದ. ಅಂಗಡಿಯ ಮುಂದೆ ಎರಡು ಸಲ ಹಾದ. ಒಳಗೆ ಅವಳು ಬಗ್ಗಿ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಏನಂತ ಒಳಗೆ ಹೋಗುವುದು? ಹೊಲಿಸಲು ಕೈಯಲ್ಲೊಂದು ತುಂಡು ಹೊಸ ಬಟ್ಟೆಯೂ ಇಲ್ಲ. ಸಂಗಮದ ಮೆಟ್ಟಿಲ ಮೇಲೆ ಹೊತ್ತು ಕಳೆದು ಬಸ್ಸು ಹಿಡಿದು ವಾಪಸ್ಸಾದ. ಅವತ್ತು ರೇಡಿಯೋ ಹಾಕಲಿಲ್ಲ.

ಮುಂದಿನ ಸಲ ಹೋದಾಗ ಅವಳು ಕೇಳಿದಳು, "ಹೋದ್ವರ್ಸ ಬರ್ಲೇ ಇಲ್ಲ?"

"ಗ್ರಾಂಟ್ ಬರ್ನಿಲ್ಲ."

"ಓ, ಸರ್ಕಾರ ಹೂಂ ಅಂದ್ರೇನೇ ನೀವ್ ಬರಾದು."

ಮರಿಸ್ವಾಮಿ ಟೀ ಲೋಟದೊಳಗೆ ನೋಡುತ್ತ ಕೂತ. ಹೇಳಬೇಕಾದ ಮಾತನ್ನು ಮುಂದಿನ ವರ್ಷ ಹೇಳಿದರಾಯಿತು ಅಂದುಕೊಂಡ. ಮುಂದಿನ ವರ್ಷವೂ ಹಾಗೇ ಅಂದುಕೊಂಡ.

ಎರಡು ಸಾವಿರದ ಆರರಲ್ಲಿ ಇದ್ದಕ್ಕಿದ್ದಂತೆ ಸರ್ಕಾರಕ್ಕೆ ಜ್ಞಾನೋದಯವಾಯಿತು. ರಾಜ್ಯದ ಸಣ್ಣಪುಟ್ಟ ನಿಲ್ದಾಣಗಳನ್ನೆಲ್ಲ ಅಭಿವೃದ್ಧಿ ಮಾಡುತ್ತೇವೆ ಎಂದು ದುಡ್ಡು ಬಿಡುಗಡೆಯಾಯಿತು. ಜೆಸಿಬಿ ಬಂತು, ತಂತಿಬೇಲಿ ಬಂತು, ಸಮವಸ್ತ್ರದ ಕಾವಲಿನವರು ಬಂದರು. ಹೊಸ ಕಂಬಕ್ಕೆ ಎಲ್ಲಿಂದಲೋ ತರಿಸಿದ ನೈಲಾನ್ ಚೀಲ ಏರಿತು. ಐದು ವರ್ಷ ಇದಕ್ಕೇನೂ ಆಗಲ್ಲ ಎಂದು ಹೊಸ ಎಂಜಿನಿಯರು ಹೆಮ್ಮೆಯಿಂದ ಹೇಳಿದರು. ಮರಿಸ್ವಾಮಿಯನ್ನು ನಂಜನಗೂಡಿನ ಆಫೀಸಿಗೆ ಹಾಕಿದರು. ಗುಜರಿಗೆ ಎಸೆದಿದ್ದ ಹಳೆಯ ಚೀಲವನ್ನು ಅವನು ಕೇಳಿ ಪಡೆದುಕೊಂಡ.

ಮಾರ್ಚ್ ಬಂತು. ಯಾರೂ ಅವನ ಕೈಗೆ ಬಟ್ಟೆಯ ಗಂಟು ಕೊಡಲಿಲ್ಲ. ಬಾಡಿಗೆ ಕೋಣೆಯಲ್ಲಿ ಚೀಲವನ್ನು ಮಂಡಿಯ ಮೇಲೆ ಹರವಿಕೊಂಡು ಬ್ಲೇಡು ತೆಗೆದ. ಹರಿದದ್ದನ್ನು ಇನ್ನು ಯಾವ ಎಂಜಿನಿಯರಿಗೆ ತೋರಿಸಬೇಕು? ಬ್ಲೇಡನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟ. ಸೋಮವಾರ ರಜೆ ಹಾಕಿ ನರಸೀಪುರದ ಬಸ್ಸು ಹತ್ತಿದ.

ಮಂಗಳಮ್ಮನ ಕೂದಲು ನೆರೆತಿತ್ತು, ಕನ್ನಡಕ ಬಂದಿತ್ತು. ಚೀಲವನ್ನು ಈಸಿಕೊಂಡು ಒಳಗೂ ಹೊರಗೂ ತಿರುವಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಹರ್ದಿಲ್ವಲ್ಲ?"

"ಇಲ್ಲ."

"ಯಾಕೆ, ಬ್ಲೇಡ್ ಸಿಗ್ನಿಲ್ವಾ?"

ಅವಳು ಬಟ್ಟೆಯ ಮೇಲೆ ಬೆರಳಾಡಿಸುತ್ತ ಹೇಳಿದಳು, "ಗಾಳೀಗಾದ್ರೆ ಹೊಲಿಗೆ ಬಿಡ್ತದೆ, ಅಂಚು ಪಿಂಜ್ತದೆ. ಗೆರೆ ಎಳ್ದಂಗೆ ನಡುವಕ್ಕೇ ಸೀಳೋ ಗಾಳೀನ ನಾನ್ ಕಾಣೆ."

"ಗೊತ್ತಿದ್ದೂ ಯಾಕ್ ಯೋಳ್ನಿಲ್ಲ?"

"ಯೋಳಿದ್ರೆ ಮುಂದ್ಲೊರ್ಸ ಬತ್ತಿದ್ರಾ?"

ಅವನು ಎಲ್ಲ ಹೇಳಿದ. ನೈಲಾನ್ ಚೀಲ ಬಂದದ್ದು, ಇನ್ನು ಹೊಲಿಸುವ ಕೆಲಸವೇ ಇಲ್ಲದ್ದು.

"ಮತ್ಯಾಕ್ ಬಂದ್ರಿ?"

ಹದಿನಾರು ವರ್ಷದ ಮಾತಿನಲ್ಲಿ ಬಾಯಿಗೆ ಬಂದದ್ದು ಇಷ್ಟೇ. "ಸುಮ್ನೆ ಬಂದೆ."

ಅವಳು ಮತ್ತೆ ಚೀಲದ ಕಡೆಗೇ ಮುಖ ಮಾಡಿದಳು. ತಪ್ಪಾಯಿತೇನೋ ಎಂದು ಮರಿಸ್ವಾಮಿ ಎದ್ದು ನಿಂತ, ಚೀಲಕ್ಕೆ ಕೈ ಚಾಚಿದ. ಮಂಗಳಮ್ಮ ಕೊಡಲಿಲ್ಲ. ಮಿಷನ್ನಿನ ಮೇಲಿದ್ದ ಕತ್ತರಿ ತಗೊಂಡು, ತನ್ನದೇ ಗಟ್ಟಿ ಹೊಲಿಗೆಯ ಪಕ್ಕದಲ್ಲಿ, ನಟ್ಟನಡುವೆ, ಚೀಲವನ್ನು ಉದ್ದಕ್ಕೂ ಕತ್ತರಿಸಿದಳು.

"ಬಿಟ್ಟೋಗಿ. ಮುಂದಿನ್ ಸೋಮವಾರ ಬನ್ನಿ, ಹೊಲ್ದಿಟ್ಟಿರ್ತೀನಿ."

"ಒಂದ್ ಗಂಟೆ ಕೆಲ್ಸ ಅಲ್ವಾ?"

"ಈಗ ಕಣ್ಣು ಮಂಜು. ವಾರ ಆಯ್ತದೆ."

ಅವನು ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಅದಾದ್ ಮ್ಯಾಕೆ?"

ಮಂಗಳಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಕತ್ರಿ ಎಲ್ಲೋಯ್ತದೆ, ಇಲ್ಲೇ ಇರ್ತದೆ."