ಬದರಿಯ ಲಾರಿಗಳ ಹೆಸರು

ತಪ್ಪು ನನ್ನದೇ. ಬದರಿನಾಥನ ಚೀಟಿಗಳನ್ನು ಕಸಕ್ಕೆ ಹಾಕಿದವನು ನಾನು. ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ.

ಬದರಿ ಅಟ್ಲಾಂಟಾದಲ್ಲಿ ಡಾಕ್ಟರಾಗಿದ್ದ. ನಾನಿರುವುದೂ ಅಲ್ಲೇ. ಹಳೆಯ ಆಟಿಕೆ ಲಾರಿ, ವ್ಯಾನು, ಟ್ಯಾಂಕರು ಕೂಡಿಡುವ ಹುಚ್ಚು ನಮ್ಮಿಬ್ಬರಿಗೂ ಒಟ್ಟಿಗೇ ಹಿಡಿದದ್ದು. ಆದರೆ ನನಗೆ ಹೆಸರು ಸರಿಯಾಗಿರಬೇಕು. ತಯಾರಾದ ವರ್ಷ, ಕ್ಯಾಟಲಾಗ್ ನಂಬರು, ಚಕ್ರ ರಬ್ಬರಿನದೋ ಪ್ಲಾಸ್ಟಿಕ್ಕಿನದೋ, ಬಣ್ಣ ಕಾರ್ಖಾನೆಯದೋ ಆಮೇಲೆ ಬಳಿದದ್ದೋ, ಇಷ್ಟೂ ಹೇಳಿದರೆ ಅದು ಹೆಸರು. ಅವನೋ, ಮನಸ್ಸಿಗೆ ಬಂದದ್ದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಗೀಚಿ ಪ್ರತಿಯೊಂದರ ಅಡಿಗೂ ಅಂಟಿಸಿಬಿಡುತ್ತಿದ್ದ. ಬೈದರೆ, "ಬಾಲು, ನಿನ್ ಹೆಂಡ್ತೀನೂ ನಂಬರಲ್ಲೇ ಕರೀತೀಯೇನೋ?" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

2022ರ ಚಳಿಗಾಲದಲ್ಲಿ ಅವನು ತೀರಿಕೊಂಡ. ಬೇಸಿಗೆಗೆ ಅವನ ಹೆಂಡತಿ ಉಷಾ ಅಟ್ಲಾಂಟಾ ಪಕ್ಕದ ಕಮ್ಮಿಂಗಿನ ಮನೆ ಖಾಲಿ ಮಾಡಿ, ವಾಷಿಂಗ್ಟನ್‌ನಲ್ಲಿರುವ ಮಗಳು ಹರಿಣಿಯ ಹತ್ತಿರ ಹೊರಟರು. ಲಾರಿಗಳನ್ನು ಅಲ್ಲಿನ ಸಂಗ್ರಾಹಕರೊಬ್ಬರು ಕೊಳ್ಳುವವರಿದ್ದರು. "ಒಂದು ಲಿಸ್ಟ್ ಮಾಡ್ಕೊಡಿ ಬಾಲು ಅವ್ರೇ, ನಂಗೆ ಒಂದೂ ಗೊತ್ತಾಗಲ್ಲ" ಎಂದರು.

ಮೂರು ದಿನ ಕೂತು ನೂರಾ ಹದಿನಾಲ್ಕಕ್ಕೂ ಶುದ್ಧವಾದ ಕಾರ್ಡು ಬರೆದೆ. ಅವನ ಚೀಟಿಗಳನ್ನು ಕಿತ್ತು ರೀಸೈಕಲ್ ಡಬ್ಬಕ್ಕೆ ಹಾಕಿ, ಡಬ್ಬವನ್ನು ಬೆಳಿಗ್ಗೆ ಬರುವ ಕಸದ ಲಾರಿಗೆಂದು ರಸ್ತೆ ಬದಿಗೆ ತಳ್ಳಿಟ್ಟು, ಹೆಮ್ಮೆಯಿಂದಲೇ ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಪ್ಯಾಕ್ ಮಾಡಲು ಹೋದಾಗ ಉಷಾ ಒಂದು ಲಾರಿಯನ್ನು ತಿರುಗಿಸಿ ನೋಡಿದರು. ಆಮೇಲೆ ಇನ್ನೊಂದನ್ನು.

"ಇವ್ರ ಚೀಟಿ ಎಲ್ಲಿ?"

"ತೆಗ್ದೆ. ಅದ್ರಲ್ಲಿ ತಲೆ ಬುಡ ಏನೂ ಇರ್ಲಿಲ್ಲ."

"ಅಯ್ಯೋ ದೇವ್ರೇ! ಲಾರಿ ಯಾರಿಗೆ ಬೇಕ್ರೀ? ಅವ್ರ ಕೈಬರಹ ಅಂತ ಮನೇಲಿ ಇದ್ದಿದ್ದೇ ಅದು. ಇಷ್ಟು ದಿನ ಓದೋಕೆ ಧೈರ್ಯ ಬರ್ಲಿಲ್ಲ. ಇವತ್ತು ಒಂದೊಂದೇ ಓದಿ ಎತ್ತಿಟ್ಕೋಬೇಕು ಅಂತಿದ್ದೆ."

ಹೊರಗೆ ಓಡಿದೆ. ಡಬ್ಬ ಖಾಲಿ. ಕಾರು ಹತ್ತಿ ಬೆನ್ನಟ್ಟಿ, ಸಿಗ್ನಲ್ ಹತ್ತಿರ ಕಸದ ಲಾರಿಯನ್ನು ಹಿಡಿದೆ. ಎಲ್ಲ ಒತ್ತಿ ಅಪ್ಪಚ್ಚಿಯಾಗಿದೆ ಎಂದು ಡ್ರೈವರ್ ಕೈ ಅಲ್ಲಾಡಿಸಿದ. ಅದನ್ನು ಅವನು ಹೇಳಬೇಕಿರಲಿಲ್ಲ. ಅಂಥ ಲಾರಿಯ ಆಟಿಕೆಗಳು ನನ್ನ ಬೀರುವಿನಲ್ಲೇ ನಾಲ್ಕಿವೆ. ಇಂಗು ತಿಂದ ಮಂಗನ ಹಾಗೆ ವಾಪಸು ಬಂದೆ.

ಉಷಾ ಕಾಗದ, ಪೆನ್ನು ಹಿಡಿದು ಕೂತಿದ್ದರು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಕೀಳೋವಾಗ ಓದಿರ್ತೀರಲ್ಲ, ನೆನಪಿರೋದು ಹೇಳಿ" ಎಂದರು.

ಹಳದಿ ಟಿಪ್ಪರಿನದು ನೆನಪಿತ್ತು: 'ಹರಿಣಿ ಹುಟ್ಟಿದ ವಾರ. ನಿದ್ದೆಯಿಲ್ಲ.' ಹಾಲಿನ ಟ್ಯಾಂಕರಿನದು: 'ಉಷಾಗೆ ಹೇಳಿಲ್ಲ.' ಅದಕ್ಕೆ ಅವರು ನಕ್ಕುಬಿಟ್ಟರು. "ನಂಗೆ ಗೊತ್ತಿತ್ತು ಕಣ್ರೀ, ಕಳ್ಳ!" ಎನ್ನುತ್ತಾ ಬರೆದುಕೊಂಡರು. ನನಗೂ ಸ್ವಲ್ಪ ಉಸಿರು ಬಂತು.

ಆಮೇಲೆ ನೀಲಿ ಬ್ರೆಡ್ ವ್ಯಾನನ್ನು ತಂದು ನನ್ನ ಮುಂದಿಟ್ಟರು.

"ಇದು ಆಸ್ಪತ್ರೆಗೆ ಸೇರೋ ಹಿಂದಿನ ವಾರ ಬಂದಿದ್ದು. ತುಂಬಾ ಹೊತ್ತು ಕೂತು ಬರೆದ್ರು. ಏನ್ ಬರೆದಿದ್ರು?"

ಅದರ ನಂಬರು ನನಗೆ ಗೊತ್ತಿತ್ತು. ವರ್ಷ ಗೊತ್ತಿತ್ತು. ಹಿಂದಿನ ಬಾಗಿಲಿಗೆ ಮಾತ್ರ ಯಾರೋ ಆಮೇಲೆ ಬಣ್ಣ ಬಳಿದಿದ್ದಾರೆಂದೂ ಗೊತ್ತಿತ್ತು. ಚೀಟಿ ಉದ್ದವಾಗಿತ್ತು. ಉದ್ದವಾಗಿದೆಯೆಂದೇ ನಾನು ಅದನ್ನು ಓದಿರಲಿಲ್ಲ.