ತುಕ್ಕಿನ ಮೇಲೆ ಹಸಿರು ಬಣ್ಣ

"ಏಯ್ ಬಣ್ಣದಮ್ಮ, ತುಕ್ಕು ಕೆರೀತಾ ಕೂತ್ಕೋಬೇಡ ಅಂದ್ನಲ್ಲ! ಅದೇನು ನಿನ್ನ ಗಂಡನ ಬೆನ್ನಾ? ಮೇಲಿಂದ ಬಳ್ಕೊಂಡು ಮುಂದೆ ಹೋಗು!"

ಮೇಸ್ತ್ರಿ ಮೆಟ್ಟಿಲ ಬುಡದಲ್ಲಿ ನಿಂತೇ ಕೂಗುತ್ತಿದ್ದ. ತಪಾಸಣೆಯ ಸಾಹೇಬರ ಕಣ್ಣಿಗೆ ಮೊದಲು ಬೀಳುವುದೆಂದು ಮೆಟ್ಟಿಲ ಕಡೆಯಿಂದಲೇ ಬಳಿಸುತ್ತಿದ್ದ.

ಅದಿರಿನ ಪುಡಿಯಿಂದ ಚಿನ್ನ ಕರಗಿಸುವ ತೊಟ್ಟಿಗಳು ಕೆಳಗೆ ಬುರಬುರ ಸದ್ದು ಮಾಡುತ್ತಿದ್ದವು. ಉಪ್ಪುನೀರಿಗೆ ಸಯನೈಡು ಬೆರೆಸಿದ ಆ ದ್ರಾವಣ ಹಗಲಿರುಳು ಸಿಡಿದು ಸಿಡಿದು, ಓಡಾಡಲೆಂದು ಮೇಲೆ ಹಾಸಿದ್ದ ಉಕ್ಕಿನ ಹಲಗೆಗಳನ್ನು ಅಡಿಯಿಂದ ತಿಂದುಹಾಕಿತ್ತು. ಹೋದ ತಿಂಗಳು ಅಂಥದೊಂದು ಹಲಗೆ ಬಾಯಿಬಿಟ್ಟು, ಈಗ ಅವುಗಳ ಮೇಲೇ ಕೂತು ಬಣ್ಣ ಬಳಿಯುತ್ತಿದ್ದವಳ ದೊಡ್ಡ ಮಗನನ್ನು ನುಂಗಿತು. ಕುಡಿದು ಬಿದ್ದನೆಂದು ಕಾರ್ಖಾನೆಯವರು ಹೇಳಿದರು. ಅವನು ಕುಡಿಯುತ್ತಿದ್ದುದೇನೋ ನಿಜ. ಆ ದಿನ ಕುಡಿದಿರಲಿಲ್ಲ. ಆ ತೂತಿಗೆ ತಗಡು ಮುಚ್ಚಿದ್ದರು.

"ಮೇಸ್ತ್ರಿ, ಕುಂಚ ಒತ್ತಿದ್ರೂ ಸಾಕು, ಹಲಗೆ ಒಳಕ್ಕೆ ಹೋಗುತ್ತೆ."

"ಹಂಗಾದ್ರೆ ಒತ್ತಬೇಡ, ಕೂಸಿನ ಕೆನ್ನೆ ಥರ ಸವರು." ಅವನು ನಕ್ಕ. "ನಾಳೆಯಿಂದ ನಿನ್ನ ಚಿಕ್ಕೋನೇ ಇಲ್ಲಿ ಓಡಾಡೋದು. ಅಣ್ಣನ ಕೆಲಸ ತಮ್ಮನಿಗೆ ಕೊಡ್ಸಿದೀನಿ. ಆ ಋಣಕ್ಕಾದ್ರೂ ಚೆಂದಾಗಿ ಬಳಿ."

ಅವಳ ಕೈ ನಿಂತಿತು. "ಗೇಟಲ್ಲಿ ಕಾವಲು ಅಂದಿದ್ರಲ್ಲಪ್ಪ!"

"ಗೇಟೇನು ನಿಮ್ಮಪ್ಪ ಕಟ್ಟಿಸಿದ್ನಾ? ಹೊಟ್ಟೆಗೆ ಬೇಕಂದ್ರೆ ಹತ್ತಬೇಕು. ಹಗುರ ಇದಾನೆ, ಏನೂ ಆಗಲ್ಲ."

"ಕಾಲಿಗೆ ಬೀಳ್ತೀನಿ. ಉಳ್ದಿರೋನು ಅವನೊಬ್ಬ."

"ಬಳಿಯೇ ಬೋಳಿಮುಂಡೆ! ಕಾರು ಬಂತು."

ಬಿಳಿ ಹೆಲ್ಮೆಟ್ಟಿನ ಸಾಹೇಬರು ಇಳಿದು, ಮೂಗಿಗೆ ಕರವಸ್ತ್ರ ಹಿಡಿದು ತಲೆಯೆತ್ತಿದರು. "ಪರವಾಗಿಲ್ಲ, ಗಟ್ಟಿಮುಟ್ಟಾಗಿ ಇಟ್ಟಿದೀರಿ," ಎಂದರು.

"ನಿಮ್ಮ ಆಶೀರ್ವಾದ ಸಾರ್," ಎಂದ ಮೇಸ್ತ್ರಿ.

ಅವಳು ಕುಂಚವನ್ನು ಡಬ್ಬದೊಳಗೆ ಬಿಟ್ಟಳು. ತುಕ್ಕು ಬಿಡಿಸುವ ಸುತ್ತಿಗೆ ಹಿಡಿದು ಮೆಟ್ಟಿಲ ಬಳಿಗೆ ನಡೆದು ಹೋದಳು. ಮೊದಲ ಹಲಗೆಗೆ ಬೀಸಿ ಹೊಡೆದಳು. ಹಳೇ ಮಡಕೆಯಂತೆ ಅದು ಒಡೆದು, ಹಸಿಬಣ್ಣದ ಚೂರುಗಳು ದ್ರಾವಣಕ್ಕೆ ಉದುರಿದವು. ಆಚೆ ತುದಿಯ ಕಡೆಗೆ ಹಿಂದೆ ಸರಿದು ಮತ್ತೊಂದಕ್ಕೆ ಹೊಡೆದಳು. ಮತ್ತೆ ಸರಿದಳು.

"ಹುಚ್ಚು ಹಿಡೀತೇನೇ ನಿಂಗೆ!" ಎಂದು ದಡದಡನೆ ಮೆಟ್ಟಿಲೇರಿ ಬಂದ ಮೇಸ್ತ್ರಿ ಕೊನೆಯ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತುಬಿಟ್ಟ. ಮುಂದೆ ಕಾಲಿಡಲು ಏನೂ ಉಳಿದಿರಲಿಲ್ಲ.

ಸದ್ದು ಕೇಳಿ ಚಿಕ್ಕ ಮಗ ಓಡಿಬಂದ. "ಅಮ್ಮಾ, ಸಾಕು ನಿಲ್ಸು! ಹೆಂಗೆ ಇಳೀತೀಯ?"

"ನೀ ಹತ್ತಿದ್ರೆ ನನ್ನ ಮೇಲಾಣೆ!"

ಆ ತುದಿಯಲ್ಲಿ ಮೆಟ್ಟಿಲಿರಲಿಲ್ಲ, ಬರೀ ಗೋಡೆ. ಉಳಿದ ಎರಡು ಹಲಗೆಗಳಲ್ಲಿ ಒಂದರ ಮೇಲೆ ನಿಂತು, ಅವಳು ಇನ್ನೊಂದಕ್ಕೆ ಸುತ್ತಿಗೆ ಎತ್ತಿದಳು.