ಟೂಕನ್ನಿನ ಹಿಂದಿನ ಬೆರಳು

ನಮ್ಮ ಮ್ಯೂಸಿಯಂನಲ್ಲಿ ದಕ್ಷಿಣ ಅಮೆರಿಕದ ಟೂಕನ್ ಹಕ್ಕಿ ಮತ್ತು ನಮ್ಮ ಕಾಡಿನ ಮಂಗಟ್ಟೆ ಹಕ್ಕಿ ಒಂದೇ ಗಾಜಿನ ಕಪಾಟಿನಲ್ಲಿ ಅಕ್ಕಪಕ್ಕ ಕೂತಿದ್ದವು. ಎರಡಕ್ಕೂ ಮೈಗೆ ಹೊರೆಯೆನಿಸುವಂಥ ಕೊಕ್ಕು. ನೋಡಿದವರೆಲ್ಲ ಒಡಹುಟ್ಟುಗಳೆಂದೇ ತಿಳಿಯುತ್ತಿದ್ದರು. ಸತ್ತ ಹಕ್ಕಿಯ ಚರ್ಮಕ್ಕೆ ಹತ್ತಿ, ತಂತಿ ತುಂಬಿ ಮಂಗಟ್ಟೆಯನ್ನು ಕೂರಿಸಿದ್ದು ದೊಡ್ಡಪ್ಪ. ಟೂಕನ್ನನ್ನು ಕೂರಿಸಿದ್ದು ದೊಡ್ಡಮ್ಮ. ಅವರಿಬ್ಬರೂ ಮದುವೆಯಾದ ವರ್ಷ. ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮ ಇನ್ನೂ ರಿಪೇರಿ ಕೋಣೆಗೆ ಬರುತ್ತಾಳೆ. ನಾನು ಅವಳ ಕೈಕೆಳಗೆ.

ಗೋಡೆಗೆ ಹೊಸ ಬಣ್ಣ ಬಳಿದ ಮೇಲೆ ಹಕ್ಕಿಗಳನ್ನು ಕುಲವಾರು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಟೂಕನ್ ಮರಕುಟಿಗದ ಬಳಗ. ಎದುರು ಗೋಡೆಯ ಕಪಾಟಿಗೆ ಹೋಗಬೇಕು. ಆ ಜೋಡಿಯನ್ನು ಬಿಡಿಸಿದರೆ ದೊಡ್ಡಮ್ಮನಿಂದ ದೊಡ್ಡಪ್ಪನನ್ನು ಇನ್ನೊಮ್ಮೆ ಕಿತ್ತುಕೊಂಡಂತೆ ಅನ್ನಿಸಿ, ಹೇಳಲು ಬಾಯಿ ಬರದೆ ಬೆಳಗಿನಿಂದ ಬಾತುಗಳ ಧೂಳು ಒರೆಸುತ್ತಿದ್ದೆ.

"ಏನೇ ಮೌನಗೌರಿ, ಬಾತಿನ ಬಣ್ಣ ಹೋಗೋವರೆಗೂ ಒರೆಸ್ತೀಯಾ? ಟೂಕನ್ ಎತ್ತಬೇಕು ತಾನೆ? ತಾ ಇಲ್ಲಿ," ಎಂದಳು ದೊಡ್ಡಮ್ಮ.

ತಂದು ಮೇಜಿನ ಮೇಲಿಟ್ಟೆ. ಆಗ ಕಾಲು ಕಣ್ಣಿಗೆ ಬಿತ್ತು. ಮರಕುಟಿಗದಂತೆ ಟೂಕನ್ನಿಗೂ ಎರಡು ಬೆರಳು ಮುಂದೆ, ಎರಡು ಹಿಂದೆ ಇರಬೇಕು. ಇದಕ್ಕೆ ಮಂಗಟ್ಟೆಯಂತೆ ಮೂರು ಮುಂದಿದ್ದವು.

"ದೊಡ್ಡಮ್ಮಾ, ಬೆರಳು..."

"ಗೊತ್ತು ಕಣೇ. ನಾನು ಸರಿಯಾಗೇ ಕೂರಿಸಿದ್ದೆ. ನಿಮ್ಮ ದೊಡ್ಡಪ್ಪ ಬಂದು, 'ಕೊಕ್ಕು ನೋಡೇ, ನಿನ್ನ ಹಕ್ಕಿ ನನ್ನ ಹಕ್ಕಿಗೆ ನೆಂಟ' ಅಂದ್ರು. ಪಕ್ಕದಲ್ಲೇ ಇಡೋಣ ಅಂದ್ರು. ಹೊಸ ಮದುವೆ ನೋಡು, ಖುಷಿಗೆ ಅವರ ಹಕ್ಕಿ ಥರಾನೇ ಬೆರಳು ಮುಂದಕ್ಕೆ ತಿರುಗಿಸಿಬಿಟ್ಟೆ."

"ಆಮೇಲಾದ್ರೂ ಹೇಳಲಿಲ್ವಾ?"

"ಹೇಳಿದ್ರೆ ಅವತ್ತೇ ಆಚೆ ಗೋಡೆಗೆ ಕಳಿಸ್ತಿದ್ರು. ಕೆಲಸದ ವಿಷಯದಲ್ಲಿ ಆ ಮನುಷ್ಯನಿಗೆ ಹೆಂಡತಿಯೂ ಒಂದೇ, ಹೆಗ್ಗಣವೂ ಒಂದೇ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ಹತ್ತಿಯನ್ನು ಒದ್ದೆ ಮಾಡಿ ಬೆರಳುಗಳಿಗೆ ಸುತ್ತಿದಳು. ಒಣಗಿದ ಚರ್ಮ ನೆನೆಯುವವರೆಗೆ ಕಾದೆವು.

"ಮುರಿದೀತು. ನಾನು ತಿರುಗಿಸಲಾ?"

"ಅವತ್ತು ತಿರುಗಿಸಿದ್ದು ನೀನಾ?"

ಮಗುವಿನ ಉಗುರು ಕತ್ತರಿಸುವವಳಂತೆ, ಒಂದೊಂದು ಕಾಲಿನ ಹೊರಬೆರಳನ್ನೂ ಹಿಂದಕ್ಕೆ ತಂದಳು. ಯಾವುದೂ ಮುರಿಯಲಿಲ್ಲ.

ಟೂಕನ್ ಮರಕುಟಿಗದ ಪಕ್ಕ ಕೂತಿತು. ದೊಡ್ಡಮ್ಮ ಅದನ್ನೊಮ್ಮೆ, ಎದುರಿನ ಮಂಗಟ್ಟೆಯನ್ನೊಮ್ಮೆ ನೋಡಿದಳು.

"ಇಷ್ಟು ವರ್ಷ ಪಕ್ಕಪಕ್ಕದಲ್ಲಿದ್ದು ಎರಡೂ ಗಾಜಿನ ಕಡೇನೇ ನೋಡ್ತಿದ್ವು," ಎಂದಳು. "ಈಗಾದ್ರೂ ಒಂದರ ಮುಖ ಒಂದು ನೋಡ್ಲಿ. ಜಗಳ ಆಡೋಕೂ ಎದುರುಬದುರೇ ವಾಸಿ."

ಸೆರಗಿನಿಂದ ಮಂಗಟ್ಟೆಯ ಗಾಜನ್ನು ಒರೆಸಿ, ಬಾತುಗಳ ಕಡೆ ನಡೆದಳು.